ಇಬ್ಬರಿಗೂ ಮಾತ್ರೆ

"ನನಗೇನು ಬಂದಿದೆ ರೋಗ? ಹೆಂಗಸರ ಕಾಯಿಲೆಗೆ ನಾನ್ಯಾಕೆ ಮಾತ್ರೆ ನುಂಗ್ಲಿ?" ಎಂದು ಗಂಡ ತಟ್ಟೆ ಅತ್ತ ದೂಡಿ ಎದ್ದ. ಡಾಕ್ಟರಮ್ಮ ಅವನಿಗೆಂದು ಕೊಟ್ಟ ಮಾತ್ರೆಯ ಪಟ್ಟಿ, ಮುಲಾಮಿನ ಟ್ಯೂಬು ಇಟ್ಟಲ್ಲೇ ಉಳಿದವು. ತನ್ನ ಸಲೂನಿನ ಬೀಗದ ಕೈ ಎತ್ತಿಕೊಂಡು ಅವನು ಹೊರಟೇಬಿಟ್ಟ.

ಅವಳಿಗೆ ಸಿಟ್ಟಿನಿಂದ ಮೈಯೆಲ್ಲ ಉರಿದುಹೋಯಿತು. ಬಿಳಿ ಹೋಗುವುದು, ಅದರ ಜೊತೆಗೆ ಆ ಹಾಳು ಮೀನಿನ ವಾಸನೆ. ಔಷಧಿ ತಗೊಂಡರೆ ವಾಸಿಯಾಗುತ್ತಿತ್ತು, ಗಂಡನ ಮಗ್ಗುಲಿಗೆ ಮರಳಿದರೆ ಮತ್ತೆ ಹಾಜರು. ಕೆಲಸಕ್ಕಿದ್ದ ಬಟ್ಟೆ ಅಂಗಡಿಯಲ್ಲಿ ಅಳತೆಕೋಲು ಹಿಡಿದು ನಿಂತಾಗ ಪಕ್ಕದವಳು ಮೂಗು ಉಜ್ಜಿಕೊಂಡರೂ ಇವಳ ಜೀವ ಬಾಯಿಗೆ ಬರುತ್ತಿತ್ತು. ಅತ್ತೆಯಂತೂ "ಗಲೀಜು ಮುಂಡೇದು, ನೆಟ್ಟಗೆ ತೊಳ್ಕೊಳ್ಳೋಕೂ ಬರಲ್ಲ" ಎಂದು ನೆರೆಮನೆಗೆ ಕೇಳುವ ಹಾಗೆ ಅಂದಿದ್ದಳು. ಆಗ ಗಂಡ ಮಹಾಶಯ ದೊಡ್ಡ ಉಪಕಾರ ಮಾಡಿದವನಂತೆ, ಕತ್ತರಿ ಬಾಚಣಿಗೆ ಅದ್ದುವ, ಕ್ರಿಮಿ ಸಾಯಿಸುವ ಔಷಧದ ಬಾಟಲಿಯನ್ನೇ ಸಲೂನಿನಿಂದ ತಂದುಕೊಟ್ಟಿದ್ದ. ಅವಳು ಹಲ್ಲು ಕಚ್ಚಿಕೊಂಡು ಅದರಲ್ಲೇ ತೊಳೆದಿದ್ದಳು.

ನಿನ್ನೆ ಅದನ್ನು ಕೇಳಿ ಡಾಕ್ಟರಮ್ಮ ತಲೆ ತಲೆ ಚಚ್ಚಿಕೊಂಡಿದ್ದರು. "ಅಯ್ಯೋ, ಅಲ್ಲಿ ಕಾವಲಿಗೆ ಅಂತ ಒಳ್ಳೆ ಕ್ರಿಮಿಗಳಿರ್ತವೆ ಕಣಮ್ಮ. ಅವು ಕಮ್ಮಿಯಾಗಿ ಕೆಟ್ಟವು ಮೇಲಾದ್ರೆ ಹೀಗಾಗುತ್ತೆ. ನೀನು ಕಾವಲಿನವರನ್ನೇ ಕೊಂದಿದೀಯ! ಹೊರಗೆ ಬರೀ ನೀರು ಸಾಕು, ಒಳಗೆ ಏನೂ ಬೇಡ. ಕೆಟ್ಟ ಕ್ರಿಮಿ ಗಂಡನ ಮೈಮೇಲೂ ಇರಬಹುದು, ಅವನಿಗೆ ಗೊತ್ತೇ ಆಗಲ್ಲ. ಅದಕ್ಕೇ ವಾಸಿಯಾದ್ರೂ ಮರಳಿ ಬರ್ತಿರಬೇಕು. ಯಾರೋ ದಾರಿ ತಪ್ಪಿದ್ರು ಅಂತಲ್ಲ. ಇಬ್ಬರೂ ಒಟ್ಟಿಗೆ ಔಷಧಿ ತಗೊಳ್ಳಿ, ಅವನು ಮಾತ್ರೆ ಜೊತೆ ಈ ಮುಲಾಮೂ ಹಚ್ಕೊಳ್ಳಲಿ, ಮತ್ತೆ ಬರೋದು ಕಮ್ಮಿಯಾಗುತ್ತೆ."

ಈಗ ಮಾತ್ರೆಯ ಪಟ್ಟಿ, ಟ್ಯೂಬು, ಆ ಬಾಟಲಿ ಎಲ್ಲವನ್ನೂ ಚೀಲಕ್ಕೆ ತುರುಕಿ ಅವಳು ನೇರ ಸಲೂನಿಗೆ ನಡೆದಳು.

ಕುರ್ಚಿಯಲ್ಲಿ ಮೇಷ್ಟ್ರೊಬ್ಬರು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಗಂಡ ಹಿಂದಿನ ಗಿರಾಕಿಯ ಬ್ಲೇಡು ಡಬ್ಬಿಗೆ ಹಾಕಿ, ಹೊಸದರ ಕಾಗದ ಬಿಡಿಸುತ್ತಿದ್ದ. ಇವಳನ್ನು ಕಂಡು ಅವನ ಮುಖ ಸಣ್ಣಗಾಯಿತು.

"ಏನೇ, ಇಲ್ಲಿಗೆ ಬಂದೆ?"

"ಆ ಬ್ಲೇಡು ಯಾಕ್ರೀ ಎಸೆದ್ರಿ? ಹಿಂದಿನವರಿಗೆ ಏನಾದ್ರೂ ರೋಗ ಇತ್ತಾ?"

"ಥತ್, ಅವರಿಗೇನು ರೋಗ, ಗುಂಡುಕಲ್ಲಿನ ಹಾಗಿದಾರೆ."

"ಮತ್ತೆ ಅದರಲ್ಲೇ ಮೇಷ್ಟ್ರಿಗೂ ಮಾಡಿ. ಏನೂ ಕಾಣ್ತಿಲ್ವಲ್ಲ."

"ಕಾಣದೇ ಇರೋದೇ ಅಂಟೋದು ಕಣೇ! ಅಷ್ಟೂ ಗೊತ್ತಾಗಲ್ವಾ ನಿನಗೆ..." ಎಂದವನ ಕಣ್ಣು ಅವಳ ಚೀಲದ ಮೇಲೆ ಬಿತ್ತು.

ಅವಳು ಮಾತ್ರೆಯ ಪಟ್ಟಿ, ಟ್ಯೂಬು ಎರಡನ್ನೂ ಕನ್ನಡಿಯ ಮುಂದೆ, ಪೌಡರ್ ಡಬ್ಬಿಯ ಪಕ್ಕದಲ್ಲಿಟ್ಟಳು. ಬಾಟಲಿಯನ್ನು ತೆಗೆದು ಕತ್ತರಿಗಳ ನಡುವೆ ಕುಕ್ಕಿದಳು. "ಇದು ಕತ್ತರಿಗೆ. ನನಗಲ್ಲ."

"ಮನೆಗೆ ಹೋಗು. ನಾಲ್ಕು ಜನರ ಮುಂದೆ ಮರ್ಯಾದೆ ಕಳೀಬೇಡ."

"ಇಷ್ಟು ದಿನ ಹೋಗಿದ್ದು ನನ್ನ ಮರ್ಯಾದೆ ಕಣ್ರೀ. ನಿಮ್ಮಮ್ಮ ಗಲೀಜು ಅಂದಾಗ ನಿಮ್ಮ ಬಾಯಿಗೆ ಏನಾಗಿತ್ತು? ನಾನು ನನ್ನ ಮಾತ್ರೆ ಶುರು ಮಾಡಿದೀನಿ. ನೀವು ನಿಮ್ಮದು ಮುಗಿಸೋವರೆಗೆ ನನ್ನ ಹಾಸಿಗೆ ಬೇರೆ." ಬೆಂಚಿನ ಮೇಲೆ, ಗಿರಾಕಿಗಳು ಕೂರುವ ಜಾಗದಲ್ಲೇ ಹೋಗಿ ಕೂತಳು.

ಮೇಷ್ಟ್ರು ನೊರೆಯೊಳಗಿಂದ ಗೊಣಗಿದರು: "ಅದೇನೋ ಬೇಗ ನುಂಗಪ್ಪಾ. ನನ್ನ ಮುಖ ಒಣಗ್ತಾ ಇದೆ."

ಗಂಡ ಬ್ಲೇಡು ಕೆಳಗಿಟ್ಟ. ಪಟ್ಟಿಯಿಂದ ಒಂದು ಮಾತ್ರೆ ಒತ್ತಿ ತೆಗೆದು, ಅವಳತ್ತ ನೋಡದೆ ಬಾಯಿಗೆ ಹಾಕಿಕೊಂಡ. ಕನ್ನಡಿಯಲ್ಲಿ ಅವನ ಮುಖ ಕಿವುಚಿಕೊಂಡಿತು.

"ಥೂ! ತಗಡು ನೆಕ್ಕಿದ ಹಾಗಿದೆಯಲ್ಲೇ!"

"ಹೂಂ, ಹಾಗೇ ಇರುತ್ತೆ," ಎಂದಳು. ಎದ್ದು ನೀರಿನ ಜಗ್ಗನ್ನು ಅವನ ಕಡೆ ಸರಿಸಿ, ಮತ್ತೆ ಬೆಂಚಿನ ಮೇಲೆ ಕೂತಳು.