ಸೈನ್ಯಕ್ಕೆ ಕೊಸರು

ಆ ಬೀದಿಯ ಸ್ಪ್ರಿಂಗು ವರ್ಕ್‌ಶಾಪು ಎಷ್ಟು ಚಿಕ್ಕದೆಂದರೆ, ಒಳಗೆ ಇಬ್ಬರು ಒಟ್ಟಿಗೆ ಸೀನಿದರೆ ಮೂರನೆಯವನು ಹೊರಗೆ ಹೋಗಿ ನಿಲ್ಲಬೇಕಿತ್ತು. ಆದರೆ ಅಲ್ಲಿ ಸುತ್ತಿದ ಸ್ಪ್ರಿಂಗು ಅಂತಿಂಥದ್ದಲ್ಲ. ಅದನ್ನು ಹಾಕಿಸಿದ ಸೋಫಾದ ಮೇಲೆ ತುಸು ಜೋರಾಗಿ ಕುಳಿತ ವಕೀಲರೊಬ್ಬರು ಎದ್ದಾಗ ಮಹಡಿಯ ಮೇಲಿದ್ದರು. ಅದನ್ನು ಹಾಕಿದ ಇಲಿಬೋನು ಅಂಗಡಿಗೆ ಬಂತೆಂದರೆ ಸುತ್ತಲಿನ ಇಲಿಗಳು ಮಕ್ಕಳುಮರಿ ಕಟ್ಟಿಕೊಂಡು ಬೇರೆ ಮನೆ ನೋಡುತ್ತಿದ್ದವು. ಪೆನ್ನಿನೊಳಗಿನ ಸ್ಪ್ರಿಂಗಂತೂ ಶಾಯಿ ಮುಗಿದು, ಪೆನ್ನು ಮುರಿದು, ಬರೆಯುತ್ತಿದ್ದವನು ನಿವೃತ್ತನಾದ ಮೇಲೂ ನಿನ್ನೆ ಹುಟ್ಟಿದ ಹಾಗೆ ಪುಟಿಯುತ್ತಿತ್ತು.

ಇದನ್ನೆಲ್ಲ ಕಟ್ಟಿ ಬೆಳೆಸಿದವರು ಮಾವ. ನಡೆಸುತ್ತಿದ್ದವಳು ಸೊಸೆ. ಗಂಡ ತೀರಿಕೊಂಡ ಮೇಲೆ ಬೀಗದಕೈ ಅವಳ ಕೈಗೆ ಬಂದಿತ್ತು, ಬೀದಿಯವರು ಅವಳಿಗೆ ಸ್ಪ್ರಿಂಗಕ್ಕ ಎಂದು ಹೆಸರಿಟ್ಟು ನಿಜ ಹೆಸರನ್ನು ಮರೆತೇಬಿಟ್ಟಿದ್ದರು. ತಂತಿ ತರುವುದು, ಯಂತ್ರ ನೋಡುವುದು, ಗಿರಾಕಿಗಳ ಜೊತೆ ಜಗಳವಾಡುವುದು ಎಲ್ಲ ಅವಳದೇ. ಮಾವ ತಮಗೆ ಉಳಿಸಿಕೊಂಡದ್ದು ಒಂದೇ ಕೆಲಸ: ಬಾಗಿಲ ಪಕ್ಕದ ಮೇಜಿನಲ್ಲಿ ಕುಳಿತು ಪೆಟ್ಟಿಗೆ ಕಟ್ಟುವುದು. ಎಣಿಸಿ ಹಾಕಿ, ಮುಚ್ಚಳ ಮುಚ್ಚುವ ಮುನ್ನ ಒಂದು ಸ್ಪ್ರಿಂಗನ್ನು ಮೇಲಿನಿಂದ ಹಾಕುವರು. ಕೊಸರು. ಡಜನ್ ಕೇಳಿದವನಿಗೂ ಒಂದು, ಸಾವಿರ ಕೇಳಿದವನಿಗೂ ಒಂದು. ಒಮ್ಮೆ ಒಂದೇ ಒಂದು ಸ್ಪ್ರಿಂಗು ಕೊಳ್ಳಲು ಬಂದವನು ಎರಡು ಹಿಡಿದುಕೊಂಡು ದಾರಿಯುದ್ದಕ್ಕೂ ತಲೆ ಕೆರೆದುಕೊಳ್ಳುತ್ತ ಹೋಗಿದ್ದ.

ವರ್ಕ್‌ಶಾಪಿನ ಷೆಡ್ಡಿನಲ್ಲಿ ಅರ್ಧ ಪಾಲು ಮೈದುನನದು. ಅವನ ಜೇಬಿನಲ್ಲಿ ಯಾವಾಗಲೂ ಅಳತೆಯ ಟೇಪು. ಬಂದಾಗಲೆಲ್ಲ ಗೋಡೆಯಿಂದ ಗೋಡೆಗೆ ಎಳೆದು ಅಳೆಯುವನು, ನಿನ್ನೆಗಿಂತ ಇಂದು ಷೆಡ್ಡು ಬೆಳೆದಿರಬಹುದೇನೋ ಎಂಬಂತೆ. ಹಾಸಿಗೆ ವ್ಯಾಪಾರಿಯೊಬ್ಬ ಅದನ್ನು ಗೋದಾಮಿಗೆ ಕೇಳಿದ್ದ.

"ಅತ್ತಿಗೆ, ಇಲಿಬೋನು ನಂಬಿಕೊಂಡು ಎಷ್ಟು ದಿನ ಅಂತ ನಡೆಸ್ತೀರಾ. ಈ ವರ್ಷದೊಳಗೆ ಒಂದು ಗಟ್ಟಿ ಆರ್ಡರು ತನ್ನಿ. ನಾನು ಬಾಯಿ ಬಿಡಲ್ಲ. ಇಲ್ಲಾಂದ್ರೆ ಹಾಸಿಗೆಯವನಿಗೆ ಕೊಟ್ಟುಬಿಡೋಣ."

"ಗಟ್ಟಿ ಅಂದ್ರೆ ಎಷ್ಟು ಗಟ್ಟಿ ಇರ್ಬೇಕಪ್ಪ?"

"ಸರ್ಕಾರದ ಆರ್ಡರಿನಷ್ಟು."

ಅವನು ತಮಾಷೆಗೆ ಅಂದದ್ದು. ಅವಳು ಅದನ್ನು ಗಂಟು ಹಾಕಿಟ್ಟುಕೊಂಡಳು.

ಅದೇ ಹೊತ್ತಿಗೆ ಸರ್ಕಾರಕ್ಕೂ ಜ್ಞಾನೋದಯವಾಗಿತ್ತು. ಸೈನ್ಯಕ್ಕೆ ಬೇಕಾದ ಬೋಲ್ಟು, ಕೊಂಡಿ, ತಿರುಪುಗಳನ್ನು ಪರದೇಶದಿಂದ ತರಿಸುವ ಬದಲು ರಾಜ್ಯದ ಸಣ್ಣ ವರ್ಕ್‌ಶಾಪುಗಳಲ್ಲೇ ಮಾಡಿಸಬೇಕೆಂದು ರಕ್ಷಣಾ ಉದ್ಯಮ ನೆರವು ಕೇಂದ್ರ ತೆರೆದಿತ್ತು. ಅಲ್ಲಿಯ ಸಲಹೆಗಾರರಿಗೆ ಗೊತ್ತಿಲ್ಲದ ನಿಯಮ ಇನ್ನೂ ಬರೆಯಲ್ಪಟ್ಟಿರಲಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಟೆಂಡರಿನ ಅಡಿಟಿಪ್ಪಣಿಯನ್ನು ಅಲ್ಪವಿರಾಮದ ಸಮೇತ ಒಪ್ಪಿಸಿ ಮಗ್ಗುಲಾಗುವ ಮನುಷ್ಯ. ಮಾತಿಗೊಮ್ಮೆ "ದಾರಿ ನಾನು ತೋರಿಸ್ತೀನಿ" ಎನ್ನುತ್ತಿದ್ದುದರಿಂದ ತರಬೇತಿಗೆ ಬಂದವರು ಅವರನ್ನು ಕೈಮರ ಎಂದು ಕರೆದರು. ಅದು ಅವರ ಕಿವಿಗೂ ಬಿತ್ತು, ಅವರಿಗೆ ಬೇಸರವೇನೂ ಆಗಲಿಲ್ಲ.

ತರಬೇತಿಯ ಕೋಣೆಯ ಎ.ಸಿ. ಎಷ್ಟು ಚುರುಕೆಂದರೆ ಪ್ರಶ್ನೆ ಕೇಳಲು ಎತ್ತಿದ ಕೈ ಮರಗಟ್ಟಿ ಊಟದ ಬಿಡುವಿನವರೆಗೂ ಇಳಿಯುತ್ತಿರಲಿಲ್ಲ. ಕುಕ್ಕರಿನ ಮುಚ್ಚಳ ಮಾಡುವವನು ಮೊದಲ ದಿನವೇ ಎದ್ದು ನಿಂತ.

"ಸಾರ್, ಟ್ಯಾಂಕಿಗೂ ಮುಚ್ಚಳ ಇರುತ್ತಲ್ವಾ?"

"ಇರುತ್ತೆ. ಆದ್ರೆ ಸೀಟಿ ಹೊಡೆಯಲ್ಲ. ಕೂತ್ಕೊಳ್ಳಿ."

ಕೈಮರ ಕಲಿಸಿದ್ದನ್ನೆಲ್ಲ ತರಬೇತಿಗೆ ಸೇರಿದ್ದ ಸ್ಪ್ರಿಂಗಕ್ಕ ನುಂಗಿ ನೀರು ಕುಡಿದಳು. ಪ್ರತಿ ಸ್ಪ್ರಿಂಗಿಗೂ ನಂಬರಿನ ಬಿಲ್ಲೆ ಇರಬೇಕು. ತಂತಿ ಯಾವ ಸುರುಳಿಯದು, ಯಾವ ಯಂತ್ರದಲ್ಲಿ ಸುತ್ತಿದ್ದು, ಯಾರು ಪರೀಕ್ಷೆ ಮಾಡಿದ್ದು ಎಂದು ಕೇಳಿದರೆ ಆ ನಂಬರು ಬಾಯಿ ಬಿಡಬೇಕು. ತೂಕ ಕಡಿಮೆ ಆಗಬಾರದು, ಬಿಗಿ ಕಡಿಮೆ ಆಗಬಾರದು, ಎಣಿಕೆ ಕಡಿಮೆ ಆಗಬಾರದು. ಈ 'ಕಡಿಮೆ ಆಗಬಾರದು' ಎಂಬುದನ್ನು ಕೈಮರ ಎಷ್ಟು ಸಲ ಹೇಳಿದರೆಂದರೆ ಗೋಡೆಯ ಗಡಿಯಾರ ಕೂಡ ಹೆದರಿ ಹತ್ತು ನಿಮಿಷ ಮುಂದೆ ಓಡತೊಡಗಿತು. ಹೆಚ್ಚು ಆಗಬಾರದು ಎಂದು ಮಾತ್ರ ಅವರು ಹೇಳಲಿಲ್ಲ. ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಪ್ರಾಣಿ ಭೂಮಿಯ ಮೇಲೆ ಇದ್ದೀತೆಂದು ಸರ್ಕಾರದ ಯಾವ ಪುಸ್ತಕಕ್ಕೂ ಹೊಳೆದಿರಲಿಲ್ಲ.

ಕೊನೆಗೆ ಸ್ಯಾಂಪಲ್ ಆರ್ಡರು ಸಿಕ್ಕಿತು. ಸೈನ್ಯದ ಲಾರಿಯ ಗಾಳಿಕಿಂಡಿಯ ಮುಚ್ಚಳಕ್ಕೆ ಹಾಕುವ, ಬೆರಳುದ್ದದ ನೂರು ಸ್ಪ್ರಿಂಗು. ಪಾಸಾದರೆ ಐದು ವರ್ಷದ ಗುತ್ತಿಗೆ, ಫೇಲಾದರೆ ಹಾಸಿಗೆಯ ಗೋದಾಮು. ಸ್ಪ್ರಿಂಗಕ್ಕ ಯಂತ್ರದ ಪಕ್ಕದಲ್ಲೇ ಉಂಡಳು, ಪಕ್ಕದಲ್ಲೇ ತೂಕಡಿಸಿದಳು. ಸ್ಪ್ರಿಂಗುಗಳು ಒಂದರ ಹಾಗೆ ಇನ್ನೊಂದು, ಅವಳಿಜವಳಿಗಳು ನೋಡಿ ಹೊಟ್ಟೆಕಿಚ್ಚು ಪಡುವಷ್ಟು ಒಂದೇ ತರ. ಬಿಲ್ಲೆ ಕಟ್ಟಿ, ಎಣಿಸಿ, ಪೆಟ್ಟಿಗೆಯನ್ನು ಎಂದಿನಂತೆ ಮಾವನ ಮೇಜಿನ ಮೇಲಿಟ್ಟಳು. ಮಾವ ಎಂದಿನಂತೆ ಕಟ್ಟಿದರು.

ತಪಾಸಣೆ ನಡೆದದ್ದು ನೆರವು ಕೇಂದ್ರದ ಹಾಲಿನಲ್ಲಿ. ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಅದರ ಗೆರೆ ಎಷ್ಟು ಹರಿತವೆಂದರೆ ಬಸ್ಸಿನಲ್ಲಿ ಪಕ್ಕದವರು ಸರಿದು ಕುಳಿತಿದ್ದರು. ಮೈದುನನೂ ಬಂದಿದ್ದ, ಟೇಪಿನ ಸಮೇತ. ಸೈನ್ಯದ ಕಡೆಯಿಂದ ಬಂದ ತಪಾಸಣೆಯ ಅಧಿಕಾರಿ ನಗುವನ್ನು ಮನೆಯಲ್ಲೇ ಬೀಗ ಹಾಕಿಟ್ಟು ಬರುವ ಪೈಕಿ. ಪೆಟ್ಟಿಗೆಯ ಸೀಲು ಒಡೆದು, ಹತ್ತತ್ತರ ಸಾಲು ಜೋಡಿಸಿದರು. ಸಾಲು ಮುಗಿದ ಮೇಲೂ ಅವರ ಕೈಯಲ್ಲಿ ಒಂದು ಉಳಿಯಿತು.

"ನೂರೊಂದು ಇದೆ."

"ನೂರು, ಸಾರ್," ಎಂದಳು ಸ್ಪ್ರಿಂಗಕ್ಕ.

"ನೂರಕ್ಕೆ ನಂಬರಿದೆ. ಇದಕ್ಕಿಲ್ಲ. ಇದು ಎಲ್ಲಿಂದ ಬಂತು?"

ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು. ಕೈಮರ ಅವಳ ಕಿವಿಯ ಹತ್ತಿರ ಬಗ್ಗಿ, "ಸ್ಪೇರ್ ಅಂದ್ಬಿಡಿ. ದಾರಿ ನಾನು ತೋರಿಸ್ತೀನಿ," ಎಂದು ಪಿಸುಗುಟ್ಟಿದರು.

"ಸ್ಪೇರ್ ಆದ್ರೆ ಅದಕ್ಕೂ ನಂಬರ್ ಇರ್ಬೇಕಿತ್ತು," ಎಂದರು ಅಧಿಕಾರಿ, ತಲೆಯೆತ್ತದೆ. ಅವರ ಕಿವಿ ಗೋಡೆಯಾಚೆಯ ಪಿಸುಮಾತನ್ನೂ ಬಿಡುವಂಥದ್ದಲ್ಲ. "ಕಡಿಮೆ ಬಂದಿದ್ರೆ ನನಗೆ ಚಿಂತೆ ಇರ್ಲಿಲ್ಲ, ಕಡಿಮೆ ಅಂತ ಬರೀತಿದ್ದೆ. ಇದು ಪರೀಕ್ಷೆ ಆಗಿಲ್ಲದ ಸ್ಪ್ರಿಂಗು, ಆಗಿರೋದರ ಜೊತೆ ಸೇರ್ಕೊಂಡಿದೆ. ಬಿಲ್ಲೆ ಅದಲುಬದಲಾಗಿಲ್ಲ ಅಂತ ಯಾರು ಹೇಳ್ತಾರೆ?"

ಮೈದುನ ಜೇಬಿನಲ್ಲಿ ಟೇಪು ಮುಟ್ಟಿ ನೋಡಿಕೊಂಡ.

"ಕೊಸರು, ಸಾರ್," ಎಂದಳು ಸ್ಪ್ರಿಂಗಕ್ಕ. "ನಮ್ಮ ಮಾವ ಎಲ್ಲರಿಗೂ ಒಂದು ಜಾಸ್ತಿ ಹಾಕ್ತಾರೆ. ನಾನು ಬೇಡ ಅಂತ ಹೇಳ್ಬೇಕಿತ್ತು, ಹೇಳಿಲ್ಲ. ನನಗೆ ಹೊಳೀಲೇ ಇಲ್ಲ."

ಅಧಿಕಾರಿ ಮಾವನ ಕಡೆ ತಿರುಗಿದರು. "ಯಾವ ತಂತಿ?"

"ಅದೇ ಸುರುಳಿದು. ಕೊನೇಲಿ ಒಂದು ತುಂಡು ಉಳಿದಿತ್ತು, ಅದರಲ್ಲಿ ಸುತ್ತಿದ್ದು," ಎಂದರು ಮಾವ. "ಸೈನ್ಯಕ್ಕೆ ಹೋಗೋ ಸಾಮಾನು ಸ್ವಾಮಿ. ಕೈ ಬಿಗಿ ಹಿಡಿಯೋದು ಹೇಗೆ?"

ಅಧಿಕಾರಿ ನೂರನ್ನೂ ತಮ್ಮೆದುರೇ ಮತ್ತೆ ಪರೀಕ್ಷೆಗೆ ಹಾಕಿಸಿದರು. ಒತ್ತಿ ಬಿಡುವ ಯಂತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಒತ್ತಿತು, ಬಿಟ್ಟಿತು. ಸ್ಪ್ರಿಂಗುಗಳಿಗೆ ಏನೂ ಆಗಲಿಲ್ಲ. ಯಂತ್ರ ಬಿಸಿಯಾಗಿ, ಅದಕ್ಕೇ ಒಂದು ಫ್ಯಾನು ಹಾಕಬೇಕಾಯಿತು. ನಂಬರಿಲ್ಲದ್ದನ್ನು ನಾಶ ಮಾಡಬೇಕು ಎಂದರು. ಕತ್ತರಿಸಲು ಹೋದ ಕಟ್ಟರಿನ ಹಲ್ಲು ಮುರಿಯಿತು. ಎರಡನೆಯ ಕಟ್ಟರು ತರಿಸಿದರು. ಮಾವ ನೋಡುತ್ತ ಕುಳಿತಿದ್ದರು.

"ಸ್ಪ್ರಿಂಗು ಸರಿಯಾಗಿದೆ," ಎಂದರು ಅಧಿಕಾರಿ ಕೊನೆಗೆ. "ಅದರ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ಇದು ಇನ್ನೊಂದು ಸಲ ಆಗಲ್ಲ ಅಂತ ನಾನು ಹೇಗೆ ನಂಬ್ಲಿ? ಅದಕ್ಕೆ ಏನು ಮಾಡ್ತೀರಿ ಅಂತ ಹೇಳಿ. ಹೇಳಿದ್ರೆ ಸಹಿ ಹಾಕ್ತೀನಿ."

ಈ ಸಲ ಕೈಮರ ಯಾವ ದಾರಿಯನ್ನೂ ತೋರಿಸಲಿಲ್ಲ. ಸ್ಪ್ರಿಂಗಕ್ಕ ಮಾವನ ಕಡೆ ನೋಡಿದಳು. ಮಾವ ಶರ್ಟಿನ ತೋಳಿನ ಗುಂಡಿ ಬಿಚ್ಚಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಬಾಗಿಲ ಪಕ್ಕದ ಮೇಜು, ಅದರ ಮೇಲೆ ಅವರ ಮೊಣಕೈ ತಾಗಿ ತಾಗಿ ನುಣುಪಾದ ಜಾಗ, ಅವಳ ಕಣ್ಣಿಗೆ ಬಂದು ಹೋಯಿತು.

"ಸೈನ್ಯದ ಪೆಟ್ಟಿಗೆ ಇನ್ಮೇಲೆ ಮಾವ ಮುಟ್ಟಲ್ಲ," ಎಂದಳು. "ನಾನೇ ಕಟ್ತೀನಿ."

"ಹಿರಿಯರು ಏನಂತಾರೆ?"

"ಅವಳು ಹೇಳಿದ ಮೇಲೆ ಮುಗೀತು," ಎಂದರು ಮಾವ.

ಅಧಿಕಾರಿ ಸಹಿ ಹಾಕಿದರು. ಮೈದುನ ಟೇಪನ್ನು ಜೇಬಿನ ತಳಕ್ಕೆ ತುರುಕಿ, "ಬಿಡಿ ಅತ್ತಿಗೆ, ಹಾಸಿಗೆಯವನಿಗೆ ಬೇರೆ ಕಡೆ ನೋಡ್ಕೋ ಅಂತೀನಿ," ಎಂದ. ಕೈಮರ ಮರುದಿನದಿಂದ ಪಾಠಕ್ಕೆ 'ಹೆಚ್ಚು ಆಗಬಾರದು' ಎಂಬುದನ್ನೂ ಸೇರಿಸಿದರು. ಗಡಿಯಾರ ಸರಿಯಾದ ಹೊತ್ತಿಗೆ ಬಂದು ನಿಂತಿತು. ವಾಪಸು ಬರುವಾಗ ಬಸ್ಸಿನಲ್ಲಿ ಮಾವ, ಸೊಸೆ ಇಬ್ಬರೂ ಕಿಟಕಿಯ ಆಚೆ ನೋಡಿದರು.

ಗುತ್ತಿಗೆಯ ಮೊದಲ ಪೆಟ್ಟಿಗೆಯನ್ನು ಸ್ಪ್ರಿಂಗಕ್ಕ ಯಂತ್ರದ ಪಕ್ಕದಲ್ಲಿ ನಿಂತೇ ಕಟ್ಟಿದಳು. ಮಾವನ ಮೇಜನ್ನು ಕೇಳಲಿಲ್ಲ, ಅವರೂ ಬಾ ಎನ್ನಲಿಲ್ಲ. ಅವರು ಅಲ್ಲಿ ಇಲಿಬೋನಿನವನ ಪಾರ್ಸಲು ಮುಗಿಸುತ್ತಿದ್ದರು. ಅವನು ಕೇಳಿದ್ದು ಐವತ್ತು. ಎಣಿಸುವುದು ಅಭ್ಯಾಸವಾಗಿಬಿಟ್ಟಿತ್ತು, ಅವಳು ಹಾದುಹೋಗುವಾಗ ಅದನ್ನೂ ಎಣಿಸಿಬಿಟ್ಟಳು.

"ಮಾವ, ಎರಡು ಜಾಸ್ತಿ ಇದೆ."

"ಒಂದು ಅವನ ಕೊಸರು."

"ಇನ್ನೊಂದು?"

"ಸೈನ್ಯದ್ದು. ಅವರು ಬೇಡ ಅಂದ್ರಲ್ಲ ತಾಯಿ. ಎಲ್ಲಾದ್ರೂ ಹೋಗ್ಬೇಕಲ್ಲ ಅದು."

ಅವಳು ಪೆಟ್ಟಿಗೆಯ ಮುಚ್ಚಳ ಒತ್ತಿ ಹಿಡಿದಳು. ಮಾವ ದಾರ ಸುತ್ತಿ ಗಂಟು ಹಾಕಿದರು.