ಅಪ್ಪನ ಪೈಪಿಗೆ ಯಾವ ಸೊಪ್ಪು

ಹುಣಸೂರಿನ ಸುತ್ತ ಹೊಗೆಸೊಪ್ಪು ಬೆಳೆಯುವವರಲ್ಲಿ ಒಂದು ಬೀಡಿಯನ್ನೂ ಸೇದದವನು ಬಹುಶಃ ನಾನೊಬ್ಬನೇ. ಎಲೆಯ ಬಣ್ಣ ನೋಡಿಯೇ ಅದು ಹರಾಜಿನಲ್ಲಿ ಯಾವ ದರ್ಜೆಗೆ ಹೋಗುತ್ತದೆಂದು ಹೇಳಬಲ್ಲೆ. ಅದರ ರುಚಿ ಮಾತ್ರ ನಲವತ್ತೆರಡು ವರ್ಷ ವಯಸ್ಸಾದರೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕಾಗಿ ಬಂದದ್ದು ಅಪ್ಪ ತೀರಿಕೊಂಡ ವರ್ಷ, ತೊಂಬತ್ತೆಂಟರಲ್ಲಿ.

ಅಪ್ಪ ಸಣ್ಣಬೀರಯ್ಯ ಕೊಡಗಿನ ಕಾಫಿ ತೋಟದ ಸಾಹುಕಾರರೊಬ್ಬರ ಜೀಪು ಓಡಿಸುತ್ತಿದ್ದ. ಕೆಲಸ ಬಿಟ್ಟು ಬರುವಾಗ ಸಾಹುಕಾರರು ತಾವು ಸೇದುತ್ತಿದ್ದ ಒಂದು ಪೈಪನ್ನೂ ಒಂದು ಡಬ್ಬಿ ತಂಬಾಕನ್ನೂ ಕೊಟ್ಟು ಕಳಿಸಿದ್ದರು. ಅಲ್ಲಿಂದ ಹನ್ನೆರಡು ವರ್ಷ ಅಪ್ಪ ಪ್ರತಿ ಸಂಜೆ ಜಗಲಿಯ ಮೇಲೆ ಕೂತು ಆ ಪೈಪು ಸೇದಿದ. ಬೇಸಿಗೆಯಲ್ಲಿ ಹೋಗಿಬಿಟ್ಟ. ಪಿತೃಪಕ್ಷಕ್ಕೆ ಅವನ ಮೊದಲ ಎಡೆ.

ನಮ್ಮ ಕಡೆ ಎಡೆಗೆ ಸತ್ತವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಇಡುತ್ತೇವೆ. ಇಟ್ಟು, ಬಾಗಿಲು ಮುಂದೆ ಮಾಡಿ, ಅವರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ಕೂರುತ್ತೇವೆ.

ಹಬ್ಬ ಇನ್ನು ನಾಲ್ಕು ದಿನವಿರುವಾಗ ಅವ್ವ ಬೆರಳು ಮಡಿಸಿದಳು. "ಕೋಳಿ ಸಾರು, ಮುದ್ದೆ, ಒಂದು ಕ್ವಾಟ್ರು ಬ್ರಾಂದಿ. ಆಮೇಲೆ ಪೈಪು. ಹೊಗೆ ಆಡ್ತಿರಬೇಕು ಕಣ್ಲಾ ನಟರಾಜ. ಬೀಡಿಗೀಡಿ ಮಡಗಬ್ಯಾಡ, ಅವ್ರು ಮುಟ್ಟಕಿಲ್ಲ."

"ಯಾವ ತಂಬಾಕು ತುಂಬ್ತಿದ್ದ ಅಪ್ಪ?"

"ನಂಗೇನ್ಲಾ ಗೊತ್ತು? ಎಲ್ಲೋ ತುಂಬ್ಕಂಡು ಬರೋರು. ವಾಸ್ನೆ ಬಂದ್ರೆ ಇದೇ ಅಂತ ಏಳ್ತೀನಿ."

ಸತ್ತವರು ಬಂದು ಉಣ್ಣುತ್ತಾರೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ಅವ್ವನಿಗೆ ಖಾತ್ರಿಯಿತ್ತು. ಮೊದಲ ಸಲ ಬಂದ ಗಂಡ ಪೈಪು ಬಾಯಿಗಿಟ್ಟು ಮುಖ ತಿರುಗಿಸಿಕೊಂಡು ಹೋದನೆಂದು ಅವಳು ವರ್ಷವಿಡೀ ಕೊರಗುವುದು ನನಗೆ ಬೇಕಿರಲಿಲ್ಲ.

ಸಾಹುಕಾರರ ಡಬ್ಬಿ ತೆಗೆದು ನೋಡಿದರೆ ಅದರಲ್ಲಿ ಸೂಜಿದಾರವಿತ್ತು. ಸರಿ, ಮನೆಯಲ್ಲೇ ಇಷ್ಟು ಸೊಪ್ಪಿರುವಾಗ ಚಿಂತೆಯೇಕೆಂದು ಬೆಂಕಿಯ ಕಾವಿನಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ನಿನಿಂದ ಆಗಷ್ಟೇ ಇಳಿಸಿದ, ನಿಂಬೆಹಣ್ಣಿನ ಬಣ್ಣದ ಮೊದಲ ದರ್ಜೆಯ ಎಲೆಯನ್ನೇ ಆರಿಸಿ ಪುಡಿಮಾಡಿ ತುಂಬಿದೆ. ಸೌದೆಯ ಹಾಗೆ ಇದೂ ಒಣಗಿದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಎರಡು ದಮ್ಮಿಗೆ ಪೈಪು ಹಿಡಿಯಲಾಗದಷ್ಟು ಕಾದಿತು. ಎಲೆಯಡಿಕೆಗೆ ಸುಣ್ಣ ಜಾಸ್ತಿಯಾದ ಹಾಗೆ ನಾಲಿಗೆ ಬೆಂದಿತು. ಕಣ್ಣಲ್ಲಿ ನೀರು.

"ಬ್ಯಾರನ್ ಚಿಮಣಿ ಥರ ಹೊಗೆಯಾಡ್ತಿದ್ದೀರಲ್ರೀ," ಎಂದು ನನ್ನ ಹೆಂಡತಿ ವಿಮಲಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ಒಳಗಿಂದ ಅವ್ವ ಕೂಗಿದಳು, "ಇದಲ್ಲ!"

ಮಾರನೇ ದಿನ ಬೈಲುಕುಪ್ಪೆಯ ಪಕ್ಕದ ಕೊಪ್ಪಕ್ಕೆ ಹೋದೆ. ಅಲ್ಲಿ ಟಿಬೆಟಿಯನ್ನರ ಗುಡಿ ನೋಡಲು ಬರುವ ಫಾರಿನ್ನಿನವರಿಗಾಗಿ ಬಗೆಬಗೆಯ ಸಾಮಾನಿಡುವ ಅಂಗಡಿಯೊಂದಿತ್ತು. ಅಂಗಡಿಯವನು ಮೂರು ಪೊಟ್ಟಣ ಮುಂದಿಟ್ಟ.

"ಹೊಸದಾಗಿ ಶುರು ಮಾಡ್ತಿದ್ದೀರಾ, ಇಲ್ಲ ಅಭ್ಯಾಸ ಇದ್ಯಾ?"

"ನಂಗೆ ಹೊಸದು. ಸೇದೋರು ನಮ್ಮಪ್ಪ."

"ಅವರಿಗೆ ಸ್ಟ್ರಾಂಗ್ ಬೇಕಾ, ಲೈಟಾ? ಕೇಳ್ಕೊಂಡು ಬಂದ್ಬಿಡಿ."

"ಕೇಳಂಗಿಲ್ಲ. ತೀರ್ಕೊಂಡವ್ರೆ."

ಅವನು ಪೊಟ್ಟಣಗಳನ್ನೂ ನನ್ನನ್ನೂ ಒಂದು ಗಳಿಗೆ ನೋಡಿದ. "ಹಂಗಾದ್ರೆ ಲೈಟೇ ತಗೊಳ್ಳಿ," ಎಂದ.

ತಂದು ಹಚ್ಚಿದೆ. ಚೆರಿ ಹಣ್ಣಿನ ವಾಸನೆ ಅಡುಗೆಮನೆಯವರೆಗೂ ಹೋಯಿತು.

"ಯಾವನ್ಲಾ ಅವನು, ಮನೇಲಿ ಬೇಕರಿ ಮಡಗಿರೋನು?" ಎಂದಳು ಅವ್ವ.

ಅಪ್ಪನ ಜೊತೆ ದಿನಾ ಜಗಲಿಯಲ್ಲಿ ಕೂರುತ್ತಿದ್ದ ಪಕ್ಕದ ಮನೆಯ ಬಸವರಾಜು ಮಾವನನ್ನು ಕೇಳಿದೆ. "ಬೆಲ್ಲದ ವಾಸ್ನೆ ಬತ್ತಿತ್ತು ಕಣ್ಲಾ," ಎಂದು ಖಂಡಿತವಾಗಿ ಹೇಳಿದ. ಸೊಪ್ಪಿಗೆ ಬೆಲ್ಲದ ನೀರು ಚಿಮುಕಿಸಿದೆ. ಪೈಪು ಬಾಣಲೆಯ ಹಾಗೆ ಚುರುಗುಟ್ಟಿ ಕಟ್ಟಿಕೊಂಡಿತು. ಸಂಜೆ ಮಾವ ತಾನಾಗಿ ಬಂದು, "ಆ ಬೆಲ್ಲದ ವಾಸ್ನೆ ಆಲೆಮನೆ ತಾವ ಕೂತಿದ್ದಾಗ ಕಣ್ಲಾ, ಈಗ ಗ್ಯಾಪಕ ಬಂತು," ಎಂದ.

ಒಣಗಿದ್ದರೆ ಉರಿಯುತ್ತದೆ, ನೆಂದರೆ ಆರುತ್ತದೆ. ಒತ್ತಿ ತುಂಬಿದರೆ ಗಾಳಿಯಾಡದು, ಸಡಿಲ ತುಂಬಿದರೆ ಕೆಂಡ ಪಂಚೆಯ ಮೇಲೆ. ಎಳೆಯದೆ ಸುಮ್ಮನಿಟ್ಟರಂತೂ ಯಾವ ಸೊಪ್ಪಾದರೂ ಆರಿಹೋಗುತ್ತದೆ. ಮೂರು ದಿನದಲ್ಲಿ ಕಲಿತದ್ದು ಇಷ್ಟು. ಏನು ತುಂಬಬೇಕೆನ್ನುವುದು ಮಾತ್ರ ಮೊದಲಿಗಿಂತ ಹೆಚ್ಚು ಗೋಜಲಾಗಿತ್ತು. ಇಪ್ಪತ್ತು ವರ್ಷದಿಂದ ನಾನೇ ಬೆಳೆಯುತ್ತಿದ್ದ ಎಲೆಯ ಮುಂದೆ ದಾರಿ ತಪ್ಪಿದವನ ಹಾಗೆ ಕೂತಿದ್ದೆ.

ಹಬ್ಬದ ಬೆಳಿಗ್ಗೆ ವಿಮಲಮ್ಮ ಎಡೆಯ ಪಕ್ಕ ಇಡಲೆಂದು ಅಪ್ಪನ ಖಾಕಿ ಕೋಟು ತೆಗೆದು ಕೊಡವಿದಳು. "ರೀ, ನೋಡಿಲ್ಲಿ. ಮಾವ ಜೇಬಲ್ಲಿ ಕಸ ತುಂಬ್ಕಂಡವ್ರೆ."

ಅಂಗೈಗೆ ಸುರಿದುಕೊಂಡೆ. ತೆಳ್ಳನೆಯ ಕಂದು ಚೂರುಗಳು, ಅಲ್ಲಲ್ಲಿ ಮಚ್ಚೆ, ಬೆರಳಿಗೆ ಮರಳು ಹತ್ತಿತು. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಿಡದ ಬುಡದಲ್ಲಿ, ಮಣ್ಣಿಗೆ ತಾಗಿಕೊಂಡಿರುವ ಎಲೆ. ಅದರಲ್ಲಿ ಹಾಳಾದದ್ದನ್ನು ಹರಾಜಿಗೆ ಬೇಲು ಕಟ್ಟುವಾಗ ಗುಡಿಸಿ ಬ್ಯಾರನ್ನಿನ ಹಿಂದೆ ಹಾಕುತ್ತೇವೆ. ಅಪ್ಪ ಅಲ್ಲಿ ಬಗ್ಗಿ ಆಯುತ್ತಿದ್ದಾಗ, "ಒಳ್ಳೆ ಸೊಪ್ಪು ಇರೋವಾಗ ಆ ಕಸ ಯಾಕಪ್ಪ ಆಯ್ತೀಯ, ನೋಡ್ದೋರು ಏನಂದಾರು?" ಎಂದು ನಾನೇ ಎಷ್ಟೋ ಸಲ ಗದರಿದ್ದೆ. ಅವನು ಆಯುತ್ತಲೇ ಇರುತ್ತಿದ್ದ.

ಬ್ಯಾರನ್ನಿನ ಹಿಂದೆ ಹೋದೆ. ಇಬ್ಬನಿಗೆ ಬಿದ್ದ ಸೊಪ್ಪು ಮೆತ್ತಗಿತ್ತು. ಹಿಂಡಿದರೆ ನೀರಿಲ್ಲ, ಮುರಿದರೆ ಪುಡಿಯಾಗದು. ಹದವಿಲ್ಲದ ಎಲೆಯನ್ನು ಮುಟ್ಟಲೂ ಬಾರದೆಂದು ಆಳುಗಳಿಗೆ ಹೇಳಿಕೊಡುವ ನಾನು ಪೈಪಿಗೆ ಮಾತ್ರ ಗರಿಗರಿ ಎಲೆ ತುಂಬಿದ್ದೆನಲ್ಲ! ಮರಳು ಕೊಡವಿ ಒಂದು ಹಿಡಿ ತಂದೆ.

ಸಂಜೆ ಎಡೆ ಇಟ್ಟಾದ ಮೇಲೆ ಪೈಪು ಹಚ್ಚಿದೆ. ನಾಲಿಗೆ ಸುಡಲಿಲ್ಲ. ಅವ್ವ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟು ಗೋಡೆಗೊರಗಿದಳು. ಕಣ್ಣು ಮುಚ್ಚಿ ಆ ವಾಸನೆ ಎಳೆದುಕೊಂಡಳು.

"ಅವ್ವ, ಬಾಗಿಲು ಮುಂದೆ ಮಾಡ್ಕಂಡು ಆಚೆ ಓದ್ರೆ ಇದು ಆರೋಯ್ತದೆ," ಎಂದೆ. "ಎಳೆಯೋರು ಇರಬೇಕು."

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಕೈ ನಡುಗ್ತಿತ್ತಲ್ಲ ಅವ್ರಿಗೆ. ಎರಡು ವರ್ಸ ಒಲೆ ಮುಂದೆ ನಾನೇ ಹಚ್ಚಿ ಕೊಡ್ತಿದ್ದೆ. ಮೊದಲೆರಡು ದಮ್ಮು ನಂದೇಯ. ಸೊಸೆಗೆ ಏಳಬ್ಯಾಡ. ನೀವೆಲ್ಲ ಆಚೆಗೋಗಿ."

ನಾವು ಜಗಲಿಯಲ್ಲಿ ಕೂತೆವು. ಬಾಗಿಲ ಸಂದಿನಿಂದ ಹೊಗೆ ನಿಧಾನವಾಗಿ, ಬಿಟ್ಟು ಬಿಟ್ಟು ಬರತೊಡಗಿತು.

ಬಸವರಾಜು ಮಾವ ಎದ್ದು ನಿಂತು ಕೈಮುಗಿದ. "ಬಂದ ಕಣ್ಲಾ! ಸಣ್ಣಬೀರಣ್ಣ ಬಂದ! ಅದೇ ವಾಸ್ನೆ!"

"ಅತ್ತೆ ಎಲ್ಲಿ?" ಎಂದು ವಿಮಲಮ್ಮ ಸುತ್ತ ನೋಡಿದಳು. ನಾನು ಜಗಲಿಯ ಕಂಬ ನೋಡಿದೆ.

ಬಾಗಿಲು ತೆಗೆದಾಗ ಅವ್ವ ಎಡೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊಗೆಗೋ ಮತ್ತೊಂದಕ್ಕೋ. ಪೈಪು ಎಡೆಯ ಪಕ್ಕದಲ್ಲಿ ಇನ್ನೂ ಹೊಗೆಯಾಡುತ್ತಿತ್ತು.

ಮಾರನೇ ದಿನ ಬ್ಯಾರನ್ ಕಡೆ ಹೊರಟವನನ್ನು ಅವ್ವ ಕರೆದಳು. "ಬರೋವಾಗ ಆ ಸೊಪ್ಪು ಇನ್ನೊಂದು ಇಡಿ ತತ್ತೀಯೇನ್ಲಾ?"

"ಬರೋ ವರ್ಷದ ಎಡೆಗಾ ಅವ್ವ?"

"ಊಂ," ಎಂದು ಒಲೆಯ ಕಡೆ ತಿರುಗಿದಳು. "ಅಂಗೇ ಅಂದ್ಕೋ."