ಬಾಗಿಲ ಹಿಂದಿನ ಒಣ ಅಂಗಿ

ಬೆಟ್ಟ ಹತ್ತಲು ಕಾಲು ಗಟ್ಟಿಯಿದ್ದರೆ ಸಾಕು ಎಂಬುದು ಅಣ್ಣನ ವಾದ. ನಾಳೆ ರಜೆ, ಮಗಳು ಪುಟ್ಟಿಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಹೇಳಿದಾಗಿನಿಂದ ತಂಗಿಗೆ ನೆಮ್ಮದಿಯಿರಲಿಲ್ಲ. ಅತ್ತಿಗೆ ಬೈದು ಬೈದು ಸೋತಿದ್ದಳು.

ಹೋದ ಚಳಿಗಾಲದಲ್ಲಿ ಅಣ್ಣ ಬೆಟ್ಟದಿಂದ ಇಳಿದು ಬಂದದ್ದು ತಂಗಿಯ ಕಣ್ಣಿಗೆ ಕಟ್ಟಿದಂತಿತ್ತು. ಬೆವರು, ಮಂಜಿಗೆ ಜೀನ್ಸ್ ಪ್ಯಾಂಟು ಒದ್ದೆ, ನಾಲಿಗೆ ತೊದಲು. ಅಂಗಿಯ ಗುಂಡಿ ಬಿಚ್ಚಲೂ ಬೆರಳು ಬಗ್ಗುತ್ತಿರಲಿಲ್ಲ. ಕುಡಿದು ಬಂದಿದ್ದಾನೆಂದು ಬೀದಿಯವರೆಲ್ಲ ನಕ್ಕರು. ಎದುರುಮನೆಯ ನರ್ಸಕ್ಕ ಮಾತ್ರ ನಗಲಿಲ್ಲ. ಒದ್ದೆ ಬಟ್ಟೆ ತೆಗೆಸಿ, ಕಂಬಳಿ ಹೊದಿಸಿ, ಇದು ಚಳಿ ಮೈಗೆ ಹೊಕ್ಕ ಲಕ್ಷಣ, ಇನ್ನೂ ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತು ಎಂದಿದ್ದಳು.

ಅಣ್ಣ ಅದನ್ನು ಮರೆತಿದ್ದ. ತಂಗಿ ಮರೆತಿರಲಿಲ್ಲ. ಸಂಜೆ ಸದ್ದಿಲ್ಲದೆ ಹೋಗಿ ನರ್ಸಕ್ಕನನ್ನು ಕರೆತಂದಳು.

ಬೆಂಚಿನ ಮೇಲೆ ಅಣ್ಣ ನಾಳೆಗೆಂದು ತೆಗೆದಿಟ್ಟ ಹತ್ತಿಯ ಬನಿಯನ್, ಅದೇ ಜೀನ್ಸು, ಒಂದು ದಪ್ಪ ಸ್ವೆಟರು ಇದ್ದವು. ಕೆಳಗೆ ಪುಟ್ಟಿಯ ಚಪ್ಪಲಿ.

"ಸ್ವೆಟರ್ ಇದೆಯಲ್ಲ ನರ್ಸಕ್ಕ. ಮನೆಯಿಂದಲೇ ಹಾಕ್ಕೊಂಡು ಹೋಗ್ತೀನಿ. ದಿನಾ ಬೇಕರಿ ಒಲೆ ಮುಂದೆ ಬೇಯೋನು ನಾನು, ನನಗೆಂಥ ಚಳಿ?"

"ಒಲೆನೂ ಬೆನ್ನಿಗೆ ಕಟ್ಕೊಂಡು ಹತ್ತೀಯೇನಪ್ಪ?" ಎಂದಳು ನರ್ಸಕ್ಕ. ಹತ್ತುವಾಗ ಸ್ವೆಟರಿನೊಳಗೆ ಬೆವರು ಸುರಿಯುತ್ತದೆ, ಬನಿಯನ್, ಜೀನ್ಸಿನಂಥ ಹತ್ತಿ ಬಟ್ಟೆ ಆ ಬೆವರನ್ನು ಬಿಡುವುದಿಲ್ಲ, ಮೇಲೆ ಕೂತಾಗ ಗಾಳಿ ಬೀಸಿದರೆ ಮೈಯೆಲ್ಲ ತಣ್ಣಗಾಗುತ್ತದೆ ಎಂದು ಬಿಡಿಸಿ ಹೇಳಿದಳು. ಅಣ್ಣ ಆಕಳಿಸಿದ.

ತಂಗಿ ಅಣ್ಣನೆದುರು ಬಾಯಿ ತೆರೆದವಳಲ್ಲ. ನೆಲ ನೋಡುತ್ತಲೇ ಕೇಳಿದಳು: "ಅಣ್ಣಾ, ಬೇಕರಿ ಬಾಗಿಲ ಹಿಂದೆ ಮೊಳೇಲಿ ಒಂದು ಒಣ ಅಂಗಿ ತೂಗುಹಾಕಿರ್ತೀಯಲ್ಲ, ಯಾಕೆ?"

"ಬೆವರಿದ ಅಂಗೀಲೇ ಹೊರಗೆ ಬಂದ್ರೆ ಗಾಳಿಗೆ ನಡುಕ ಬರುತ್ತೆ ಕಣೇ. ಅದಕ್ಕೇ ಬದಲಾಯಿಸಿ..." ಎನ್ನುತ್ತ ಅಣ್ಣ ಬೆಂಚಿನ ಮೇಲಿನ ಬಟ್ಟೆಗಳತ್ತ ತಿರುಗಿದ.

"ಬೆಟ್ಟದ ಮೇಲೆ ಬಾಗಿಲೂ ಇಲ್ಲ, ಮೊಳೆನೂ ಇಲ್ಲ. ಪುಟ್ಟಿ ನಡುಗಿದ್ರೆ ಏನು ಮಾಡ್ತೀಯ?"

ಅಣ್ಣ ಬಗ್ಗಿ ಮಗಳ ಚಪ್ಪಲಿಯನ್ನು ಬದಿಗೆ ಸರಿಸಿದ. ಆಮೇಲೆ ಜೀನ್ಸನ್ನು ತಾನೇ ಮಡಚಿ ಒಳಗಿಟ್ಟು ಬಂದು, "ಚೀಲಕ್ಕೆ ಏನೇನು ಹಾಕ್ಲಿ, ಹೇಳಕ್ಕ" ಎಂದ.

ಈಗಿನ ಚಳಿಗಾಲಕ್ಕೆ ಮೈಮೇಲೆ ಬೇಗ ಒಣಗುವ ತೆಳು ಬಟ್ಟೆ, ಚೀಲಕ್ಕೆ ಸ್ವೆಟರು ಎಂದಳು ನರ್ಸಕ್ಕ. ನಡೆಯುವಾಗ ತೆಗೆಯುವುದು, ನಿಂತ ಕೂಡಲೇ ಹಾಕಿಕೊಳ್ಳುವುದು. ಗಾಳಿ ತಡೆಯುವ ಜಾಕೆಟ್ಟು, ಕಿವಿ ಮುಚ್ಚುವ ಟೋಪಿ. ಇಬ್ಬರಿಗೂ ಒಂದೊಂದು ಒಣ ಅಂಗಿ, ಕಾಲುಚೀಲ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ಪುಟ್ಟಿಗೆ ಜಾರದ ಶೂ. ಬೇಸಿಗೆಯಾದರೆ ಅಗಲ ಟೋಪಿ, ತುಂಬುತೋಳಿನ ಅಂಗಿ, ಇನ್ನಷ್ಟು ನೀರು, ಬೆಳಗಿನ ತಂಪಿನಲ್ಲೇ ಹೊರಡಬೇಕು. ಮಳೆಗಾಲವಾದರೆ ರೇನ್‌ಕೋಟು, ಗುಡುಗು ಕೇಳಿದರೆ ತುದಿಯ ಆಸೆ ಬಿಟ್ಟು ಇಳಿಯಬೇಕು. ನೀರು, ತಿಂಡಿ, ಟಾರ್ಚು, ಸೀಟಿ, ಚಾರ್ಜು ತುಂಬಿದ ಫೋನು ಮಾತ್ರ ಯಾವ ಕಾಲಕ್ಕೂ ತಪ್ಪುವಂತಿಲ್ಲ.

ಮರುದಿನ ಮಧ್ಯಾಹ್ನ ಬೆಟ್ಟದ ತಲೆ ಮಂಜಿನಲ್ಲಿ ಮುಚ್ಚಿಹೋಯಿತು. ಕತ್ತಲಾಗುವ ಮೊದಲು ಬರುತ್ತೇನೆಂದು ಅಣ್ಣ ಹೇಳಿಹೋಗಿದ್ದ. ಅತ್ತಿಗೆ ಒಳಗೂ ಹೊರಗೂ ಓಡಾಡಿದಳು. ತಂಗಿ ಕಿಟಕಿ ಬಿಟ್ಟು ಕದಲಲಿಲ್ಲ.

ಬೀದಿದೀಪ ಹತ್ತುವ ಹೊತ್ತಿಗೆ ಅಪ್ಪ, ಮಗಳು ತಿರುವಿನಲ್ಲಿ ಕಾಣಿಸಿದರು. ತಂಗಿ ಮೊದಲು ನೋಡಿದ್ದು ಪುಟ್ಟಿಯ ಬೆರಳುಗಳನ್ನು. ಪುಟ್ಟಿ ಹೊಸ್ತಿಲಲ್ಲಿ ನಿಂತು, ಜಾಕೆಟ್ಟಿನ ಗುಂಡಿಗಳನ್ನು ಒಂದೊಂದಾಗಿ ತಾನೇ ಬಿಚ್ಚಿದಳು.

ಬೆಟ್ಟಕ್ಕೆ ಹೊರಟಿರುವವರೇ, ನಿಮಗಾಗಿಯೂ ಯಾರೋ ಕಿಟಕಿಯಲ್ಲಿ ಕಾಯುತ್ತಿರುತ್ತಾರೆ. ಎಷ್ಟು ಹೊತ್ತಿಗೆ ಮರಳುತ್ತೀರೆಂದು ಅವರಿಗೆ ಹೇಳಿ ಹೋಗಿ. ಕಾಲ ನೋಡಿ ಬಟ್ಟೆ ಹಾಕಿ. ಚೀಲದಲ್ಲಿ ಒಂದು ಒಣ ಅಂಗಿ ಇದ್ದೇ ಇರಲಿ.